ಅಟ್ಟದ ಮೇಲಿನ ಚಂದಮಾಮ, ಟ್ಯಾಬಿನೊಳಗಿನ ಆನೆಮರಿ

ಹಳೇ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸೋದು ಅಂತ ತೀರ್ಮಾನವಾದ ಮೇಲೆ ನಾವು ಮೊದಲು ಖಾಲಿ ಮಾಡಿದ್ದು ಅಟ್ಟವನ್ನು. ಇಪ್ಪತ್ತು ವರ್ಷದಿಂದ ಯಾರೂ ಇಳಿಸದ ತಾಮ್ರದ ಹಂಡೆ, ಕಾಲು ಮುರಿದ ತೊಟ್ಟಿಲು, ಹುಣಸೆಹಣ್ಣು ತುಂಬಿಡುತ್ತಿದ್ದ ಮಡಕೆಗಳು. ಅವುಗಳ ಹಿಂದೆ, ಗೋಡೆಗೆ ಒತ್ತಿಕೊಂಡು ಒಂದು ಹಸಿರು ತಗಡಿನ ಟ್ರಂಕು. ಬೀಗ ಇರಲಿಲ್ಲ, ತುಕ್ಕೇ ಬೀಗವಾಗಿತ್ತು. ನಮ್ಮೆಜಮಾನರು ಸ್ಕ್ರೂಡ್ರೈವರ್ ಹಾಕಿ ಮೀಟಿ ತೆಗೆದರು. ಒಳಗೆ ಇದ್ದದ್ದು ಹದಿನಾಲ್ಕು ಬೈಂಡು ಚಂದಮಾಮ.

ನಮ್ಮ ಮಾವ ಶಾಲೆ ಮೇಷ್ಟರಾಗಿದ್ದವರು. ನಾನು ಈ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಅವರಿರಲಿಲ್ಲ. ಪ್ರತಿ ವರ್ಷದ ಹನ್ನೆರಡು ಸಂಚಿಕೆ ಕೂಡಿಸಿ, ದೇವನಹಳ್ಳಿಗೆ ಹೊತ್ತುಕೊಂಡು ಹೋಗಿ ಬೈಂಡು ಮಾಡಿಸಿ, ಬೆನ್ನಿನ ಮೇಲೆ ಬಿಳೀ ಬಣ್ಣದಲ್ಲಿ ಇಸವಿ ಬರೆಸಿದ್ದರು. ಅತ್ತೆ ಹೇಳಿದ ಮೇಲೇ ಗೊತ್ತಾಗಿದ್ದು ನನಗೆ, ಅವರು ಚಂದಮಾಮದ ಫೋಟೋ ಶೀರ್ಷಿಕೆ ಸ್ಪರ್ಧೆಗೆ ತಿಂಗಳು ತಿಂಗಳೂ ಕಾರ್ಡು ಹಾಕುತ್ತಿದ್ದರಂತೆ. ಒಂದು ಸಲವೂ ಬಹುಮಾನ ಬರಲಿಲ್ಲವಂತೆ.

"ಗುಜರಿಗೆ ಹಾಕೋಣ ಕಣೇ. ಇವೆಲ್ಲ ಈಗ ನೆಟ್ಟಲ್ಲೇ ಸಿಗ್ತವೆ. ಹೊಸ ಮನೇಲಿ ಗೆದ್ದಲು ಹತ್ತಿಸ್ಕೊಂಡು ಏನ್ ಮಾಡೋದು?" ಅಂದರು ಯಜಮಾನರು.

ಅತ್ತೆ ಜಗಲಿಯಿಂದಲೇ, "ನಿಮ್ಮಪ್ಪ ಅಕ್ಕಿಗೆ ಕಾಸಿಲ್ದಿದ್ರೂ ಅದಕ್ಕೆ ಚಂದಾ ಕಟ್ಟೋರು. ಅದನ್ನ ತೂಕಕ್ಕೆ ಹಾಕ್ತೀಯೇನೋ?" ಅಂದರು.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಮಾತು ನಡೆದಿರಬಹುದು. ಪುಸ್ತಕದ ಬೀರು, ಹಳೇ ಪತ್ರಿಕೆಗಳ ಕಟ್ಟು, ಮಕ್ಕಳ ಚಿತ್ರಕಥೆ, ಎಲ್ಲದಕ್ಕೂ ಈಗ ಒಂದೇ ಉತ್ತರ ಸಿದ್ಧವಾಗಿರುತ್ತದೆ: ನೆಟ್ಟಲ್ಲಿದೆ, ಇಟ್ಕೊಂಡು ಏನ್ ಮಾಡೋದು. ನಾನೂ ಹೂಂ ಅನ್ನುತ್ತಿದ್ದೆನೋ ಏನೋ. ಆದರೆ ಅಷ್ಟರಲ್ಲಾಗಲೇ ನಮ್ಮ ಮನೆಯಲ್ಲಿ ಒಂದು ಸಲ ಕೈ ಸುಟ್ಟುಕೊಂಡಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

2020ರಲ್ಲಿ ಲಾಕ್‌ಡೌನ್ ಆಗಿ ಶಾಲೆ ಮುಚ್ಚಿದಾಗ ನನ್ನ ಮಗಳು ಒಂದನೇ ಕ್ಲಾಸು. ನಲ್ಲೂರಿಂದ ದೇವನಹಳ್ಳಿಗೂ ಹೋಗುವ ಹಾಗಿರಲಿಲ್ಲ, ಆಕಾಶದಲ್ಲಿ ವಿಮಾನವೂ ಇಲ್ಲ. ನಮ್ಮೂರವರಿಗೆ ಆ ಮೌನವೇ ವಿಚಿತ್ರ. ಮಗುವಿಗೆ ಓದೋಕೆ ಏನಾದರೂ ಬೇಕಲ್ಲ ಅಂತ ಬೆಂಗಳೂರಲ್ಲಿರುವ ನನ್ನ ತಮ್ಮ ಒಂದು ಆ್ಯಪಿನ ಲಿಂಕು ಕಳಿಸಿದ. ಚಿತ್ರಪುಸ್ತಕಗಳ ಆ್ಯಪು. ಕನ್ನಡದ್ದೂ ಇಪ್ಪತ್ತು ಇಪ್ಪತ್ತೈದು ಇದ್ದವು. ವರ್ಷದ ಚಂದಾ ಒಂದು ರೇಟು, 'ಜೀವಮಾನದ ಚಂದಾ' ಇನ್ನೊಂದು ರೇಟು. ಎರಡು ಸಾವಿರದ ಹತ್ತಿರ ಕೊಟ್ಟು ಜೀವಮಾನದ್ದನ್ನೇ ತೆಗೆದುಕೊಂಡೆ. ಲೆಕ್ಕ ಹಾಕಿದರೆ ಅದೇ ಅಗ್ಗ ಅನಿಸಿತ್ತು.

ಅದರಲ್ಲಿ ಮಳೆಗೆ ಹೆದರುವ ಒಂದು ಆನೆಮರಿಯ ಕತೆ ಇತ್ತು. ಮಗಳು ಅದನ್ನು ಎಷ್ಟು ಸಲ ಓದಿಸಿಕೊಂಡಳು ಅಂದರೆ, ಕರೆಂಟು ಹೋದ ರಾತ್ರಿ ಪುಟ ಪುಟವೂ ಬಾಯಿಪಾಠ ಒಪ್ಪಿಸುತ್ತಿದ್ದಳು. ಅವಳು ಮೊದಲು ತಾನಾಗೇ ಓದಿದ ಕನ್ನಡ ವಾಕ್ಯ ಆ ಆನೆಮರಿಯದ್ದೇ. ಎರಡು ವರ್ಷ ಕಳೆದ ಮೇಲೆ ಒಂದು ದಿನ ತಂಗಿಯ ಮಗ ಬಂದಿದ್ದಾಗ, ಅವನಿಗೆ ತೋರಿಸುತ್ತೀನಿ ಅಂತ ಟ್ಯಾಬು ತೆಗೆದಳು. ಬಿಳೀ ಪರದೆ. ತಿರುಗಿ ಒತ್ತಿದರೂ ಬಿಳೀ ಪರದೆ. ಇಮೇಲ್ ಹುಡುಕಿದರೆ, ನಮ್ಮ ಸೇವೆಯನ್ನು ನಿಲ್ಲಿಸುತ್ತಿದ್ದೇವೆ, ಇಷ್ಟು ದಿನ ಜೊತೆಗಿದ್ದದ್ದಕ್ಕೆ ವಂದನೆ ಅನ್ನುವ ಒಂದು ಪತ್ರ ಮೂರು ತಿಂಗಳ ಹಿಂದೆಯೇ ಬಂದು ಜಾಹೀರಾತುಗಳ ರಾಶಿಯಲ್ಲಿ ಬಿದ್ದಿತ್ತು. 'ಜೀವಮಾನ' ಅಂದರೆ ನಮ್ಮದಲ್ಲ, ಆ್ಯಪಿನದು ಅಂತ ಆಗ ಅರ್ಥವಾಯಿತು. ಆ ಕಂಪನಿಯ ಹೆಸರು ಹೇಳಿ ಪ್ರಯೋಜನವಿಲ್ಲ. ಆನೆಮರಿಯ ಪುಸ್ತಕ ಅಚ್ಚಿನಲ್ಲಿ ಇದೆಯಾ ಅಂತ ಹುಡುಕಿದೆ. ಸಿಗಲಿಲ್ಲ. ಮಗಳು ಒಂದು ವಾರ ಕೇಳಿದಳು, ಆಮೇಲೆ ಬಿಟ್ಟಳು.

ಹಾಗಾಗಿ ಯಜಮಾನರು 'ನೆಟ್ಟಲ್ಲಿದೆ' ಅಂದಾಗ, ನೋಡೇಬಿಡೋಣ ಅಂತ ಆ ರಾತ್ರಿಯೇ ಹುಡುಕೋಕೆ ಕೂತೆ.

ಚಂದಮಾಮದ ಕತೆ ನಮ್ಮ ವಯಸ್ಸಿನವರಿಗೆ ಅರ್ಧ ಗೊತ್ತಿರುತ್ತದೆ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಸೇರಿ ಮದ್ರಾಸಿನಲ್ಲಿ 1947ರ ಜುಲೈನಲ್ಲಿ ತೆಲುಗು, ತಮಿಳಿನಲ್ಲಿ ಶುರು ಮಾಡಿದ್ದು. 'ಮಾಯಾಬಜಾರ್' ಸಿನಿಮಾ ಮಾಡಿದ್ದೂ ಇವರ ವಿಜಯಾ ಸಂಸ್ಥೆಯೇ. 1949ರಲ್ಲಿ ಕನ್ನಡಕ್ಕೂ ಬಂತು. ಕತೆಗಿಂತ ಮೊದಲು ನಮಗೆ ನೆನಪಿಗೆ ಬರುವುದು ಚಿತ್ರ ತಾನೇ? ಹೆಗಲ ಮೇಲೆ ಬೇತಾಳ ಹೊತ್ತು ಕತ್ತಿ ಹಿಡಿದ ವಿಕ್ರಮನ ಚಿತ್ರ ಬರೆದ ಶಂಕರ್, 1952ರಲ್ಲಿ ಚಂದಮಾಮ ಸೇರಿ, ದಶಕಗಳ ಕಾಲ ಬರೆದು, 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ರಕ್ಷಾಪುಟದ ಮೇಲೆ ಮಹಾಭಾರತದ ವೀರರನ್ನು ಬರೆಯುತ್ತಿದ್ದ ಎಂ.ಟಿ.ವಿ. ಆಚಾರ್ಯರು ನಮ್ಮ ಕನ್ನಡದವರೇ. ಆಗ ಕೆಲವರು ಆ ರಕ್ಷಾಪುಟಗಳನ್ನು ಕತ್ತರಿಸಿ ಗೋಡೆಗೆ ಅಂಟಿಸುತ್ತಿದ್ದರು. ಮಾವ ಅಂಟಿಸಲಿಲ್ಲ, ಬೈಂಡಿನಲ್ಲೇ ಉಳಿಸಿದರು.

ಗೊತ್ತಿಲ್ಲದ ಅರ್ಧ ಹೀಗಿದೆ. 2007ರಲ್ಲಿ ಜಿಯೋಡೆಸಿಕ್ ಅನ್ನುವ ಮುಂಬೈನ ಸಾಫ್ಟ್‌ವೇರ್ ಕಂಪನಿ ಚಂದಮಾಮವನ್ನು ಕೊಂಡುಕೊಂಡಿತು. ಇನ್ನು ಇದನ್ನು ಡಿಜಿಟಲ್ ಮಾಡುತ್ತೇವೆ ಅಂತ ಹೇಳಿದ್ದೇ ಎಲ್ಲರಿಗೂ ಖುಷಿ. ಹಳೆಯ ಸಂಚಿಕೆಗಳನ್ನು ಜಾಲತಾಣದಲ್ಲಿ ಓದೋಕೆ ಇಟ್ಟರು. ಅರವತ್ತು ವರ್ಷದ ಪತ್ರಿಕೆ ಕಂಪ್ಯೂಟರಿಗೆ ಬಂದರೆ ಇನ್ನು ಅದಕ್ಕೆ ಸಾವಿಲ್ಲ ಅಂತ ಅಂದುಕೊಂಡವರೇ ಹೆಚ್ಚು. (ಅದೇ 2007ರಲ್ಲೇ ನಮ್ಮೂರ ಹುಣಸೆ ತೋಪನ್ನು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದ್ದು. ಪೇಪರಿನವರೆಲ್ಲ ಬಂದು ಫೋಟೋ ತೆಗೆದುಕೊಂಡು ಹೋದರು. ಘೋಷಣೆ ಆದ ಮೇಲೆ ನೋಡಿಕೊಳ್ಳೋರು ಯಾರು ಅನ್ನುವ ಪ್ರಶ್ನೆ ತೋಪಿಗೂ ಇದೆ, ಇರಲಿ.) ಆಮೇಲೆ ಆ ಕಂಪನಿ ಸಾಲ ತೀರಿಸಲಾಗದೆ ಮುಳುಗಿತು. ಬಾಂಬೆ ಹೈಕೋರ್ಟು ಕಂಪನಿಯನ್ನು ಮುಚ್ಚಲು ಆದೇಶಿಸಿತು. 2013ರ ಹೊತ್ತಿಗೆ ಪತ್ರಿಕೆ ನಿಂತುಹೋಯಿತು. 2016ರ ಜುಲೈನಲ್ಲಿ ಜಾಲತಾಣದ ವಿಳಾಸದ ಅವಧಿ ಮುಗಿದಾಗ ಅದನ್ನು ನವೀಕರಿಸುವವರೂ ಇರಲಿಲ್ಲ. ಅರವತ್ತು ವರ್ಷದ ಪತ್ರಿಕೆ ಅದರ ಅಧಿಕೃತ ಡಿಜಿಟಲ್ ಮನೆಯಲ್ಲಿ ಬಾಳಿದ್ದು ಹತ್ತು ವರ್ಷವೂ ಇಲ್ಲ.

ಹಾಗಾದರೆ ನೆಟ್ಟಲ್ಲಿ ಚಂದಮಾಮ ಇಲ್ಲವೇ ಅಂದರೆ, ಇದೆ. ಇಂಟರ್‌ನೆಟ್ ಆರ್ಕೈವ್ ಅನ್ನುವ ಉಚಿತ ಗ್ರಂಥಾಲಯದಲ್ಲಿ ಕನ್ನಡದ್ದು, ತೆಲುಗಿನದ್ದು ಸಿಗುತ್ತವೆ. ಆದರೆ ಅವನ್ನು ಇಟ್ಟವರು ಕಂಪನಿಯವರಲ್ಲ. ಮನೆಯಲ್ಲಿ ಇಂಥದ್ದೇ ಟ್ರಂಕು ಇದ್ದ ಓದುಗರು. ಅಂದರೆ ಯಜಮಾನರು ಹೇಳಿದ್ದು ಸುಳ್ಳಲ್ಲ. ಆದರೆ ಅದು ನೆಟ್ಟಲ್ಲಿ ಇರುವುದು ಯಾರೋ ಒಬ್ಬರು ಗುಜರಿಗೆ ಹಾಕದೇ ಇದ್ದದ್ದರಿಂದ. ಎಲ್ಲರೂ 'ನೆಟ್ಟಲ್ಲಿದೆ' ಅಂತ ತೂಕಕ್ಕೆ ಹಾಕಿದ್ದರೆ ನೆಟ್ಟಲ್ಲೂ ಇರುತ್ತಿರಲಿಲ್ಲ. ಇದನ್ನು ಹೇಳಿದಾಗ ಅವರು ಮಾತಾಡಲಿಲ್ಲ. ಟ್ರಂಕನ್ನು ಒರೆಸಿ ನಡುಮನೆಗೆ ತಂದಿಟ್ಟರು. ನಮ್ಮ ಮನೆಯಲ್ಲಿ ಒಪ್ಪಿಗೆ ಅಂದರೆ ಅಷ್ಟೇ.

ಇದು ನಮ್ಮ ಬಡ ಪತ್ರಿಕೆಗೆ ಮಾತ್ರ ಬಂದ ಗತಿ ಅಂದುಕೊಳ್ಳಬೇಡಿ. ಫ್ಲಿಪ್‌ಕಾರ್ಟ್ 2012ರಲ್ಲಿ ಇ-ಪುಸ್ತಕ ಮಾರೋಕೆ ಶುರು ಮಾಡಿ, 2015ರ ಕೊನೆಗೆ ಆ ವ್ಯಾಪಾರವನ್ನೇ ಬಿಟ್ಟು ಗಿರಾಕಿಗಳನ್ನು ಇನ್ನೊಂದು ಕಂಪನಿಗೆ ಒಪ್ಪಿಸಿತು. ಮೈಕ್ರೋಸಾಫ್ಟ್‌ನಂಥ ಮೈಕ್ರೋಸಾಫ್ಟೇ 2019ರಲ್ಲಿ ತನ್ನ ಪುಸ್ತಕದಂಗಡಿ ಮುಚ್ಚಿದಾಗ, ಜನ ದುಡ್ಡು ಕೊಟ್ಟು ತೆಗೆದುಕೊಂಡ ಪುಸ್ತಕಗಳೆಲ್ಲ ತೆರೆಯದಂತಾದವು. ದುಡ್ಡು ವಾಪಸು ಕೊಟ್ಟರು, ಅದು ಸರಿ. ಆದರೆ ಅಂಗಡಿ ಮುಚ್ಚಿದ ಅಂತ ಹತ್ತು ವರ್ಷದ ಹಿಂದೆ ಕೊಂಡ ಸೀರೆ ನಮ್ಮ ಬೀರುವಿಂದ ಮಾಯವಾಗೋದನ್ನ ನೀವು ಎಲ್ಲಾದರೂ ಕಂಡಿದ್ದೀರಾ? ಇನ್ನೂ ಹಿಂದಕ್ಕೆ, 2009ರಲ್ಲಿ, ಮಾರಿದವರಿಗೆ ಹಕ್ಕೇ ಇರಲಿಲ್ಲ ಅನ್ನೋ ಕಾರಣಕ್ಕೆ ಅಮೆಜಾನ್ ತನ್ನ ಗಿರಾಕಿಗಳ ಕಿಂಡಲ್ಲಿನೊಳಗಿಂದಲೇ ಜಾರ್ಜ್ ಆರ್ವೆಲ್ಲನ ಎರಡು ಕಾದಂಬರಿಗಳನ್ನು ಅಳಿಸಿಹಾಕಿತ್ತು. ಒಂದು 'ಅನಿಮಲ್ ಫಾರ್ಮ್', ಇನ್ನೊಂದು, ಸರ್ಕಾರ ಜನರ ಓದನ್ನೂ ನೆನಪನ್ನೂ ಅಳಿಸುವ ಕತೆಯಾದ '1984'. ಆಮೇಲೆ ಕಂಪನಿಯ ಮುಖ್ಯಸ್ಥರೇ ಕ್ಷಮೆ ಕೇಳಿದರು. ಇವೆಲ್ಲದರಲ್ಲೂ ಆದದ್ದು ಒಂದೇ: ನಾವು ಪುಸ್ತಕ ಕೊಂಡೆವು ಅಂದುಕೊಂಡಿರುತ್ತೇವೆ, ಅವರು ಓದುವ ಪರವಾನಗಿ ಕೊಟ್ಟಿರುತ್ತಾರೆ. ಆನೆಮರಿಯ ಆ್ಯಪಿನಲ್ಲೂ, ನಾನು ಓದದೇ 'ಒಪ್ಪಿದೆ' ಅಂತ ಒತ್ತಿದ ಉದ್ದನೆಯ ಪುಟದಲ್ಲಿ, ಹಾಗೇ ಬರೆದಿತ್ತೋ ಏನೋ.

ಇಷ್ಟು ಹೇಳಿದೆ ಅಂತ ನಾನು ಪರದೆಯ ವಿರೋಧಿ ಅಂದುಕೊಳ್ಳಬೇಡಿ. ನಮ್ಮತ್ತೆಯವರನ್ನೇ ನೋಡಿ. ಕಣ್ಣಿನ ಪೊರೆ ಆಪರೇಷನ್ ಆದ ಮೇಲೆ ಅವರಿಗೆ ಅಚ್ಚಿನ ಸಣ್ಣ ಅಕ್ಷರ ಓದೋಕಾಗಲ್ಲ. ಟ್ಯಾಬಿನಲ್ಲಿ ಅಕ್ಷರವನ್ನು ಕಡಲೆಕಾಯಿ ಗಾತ್ರ ಮಾಡಿಕೊಟ್ಟರೆ ಮಧ್ಯಾಹ್ನ ಪೂರ್ತಿ ಕಾದಂಬರಿ ಓದುತ್ತಾರೆ. ಲಾಕ್‌ಡೌನಿನ ವರ್ಷ ಶುರುವಾದ ಮೈಲ್ಯಾಂಗ್‌ನಂಥ ಕನ್ನಡದ್ದೇ ಆ್ಯಪುಗಳಿಂದ ಅಮೆರಿಕದಲ್ಲಿರುವ ನನ್ನ ನಾದಿನಿಗೂ ಹೊಸ ಕನ್ನಡ ಪುಸ್ತಕ ಸಿಗುತ್ತಿದೆ. ಮೊದಲು ಊರಿಗೆ ಬಂದಾಗ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಜೊತೆ ತೂಕ ಹಾಕಿ ಒಯ್ಯುತ್ತಿದ್ದಳು. 2016ರ ಡಿಸೆಂಬರಿನಲ್ಲಿ ಕಿಂಡಲ್ಲಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕ ಬಂದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ದೊಡ್ಡ ಕಂಪನಿಗಳು ಬಾಗಿಲು ತೆಗೆಯೋವರೆಗೂ ಕಾಯದೆ ನಮ್ಮವರೇ ಅಂಗಡಿ ಇಟ್ಟದ್ದು ಒಳ್ಳೆಯದೇ ಆಯಿತು.

ಆದರೆ ಕಾದಂಬರಿಯ ಮಾತು ಬೇರೆ, ಚಿತ್ರಪುಸ್ತಕದ ಮಾತು ಬೇರೆ. ಇದನ್ನು ನಾನು ಮಗಳ ಪಕ್ಕ ಕೂತು ಕಲಿತದ್ದು.

ಕಾದಂಬರಿಯ ಅಕ್ಷರ ನೀರಿದ್ದ ಹಾಗೆ. ಪರದೆ ಚಿಕ್ಕದಾಗಲಿ ದೊಡ್ಡದಾಗಲಿ, ಅದಕ್ಕೆ ತಕ್ಕಂತೆ ಹರಿದು ನಿಲ್ಲುತ್ತದೆ. ಚಿತ್ರಪುಸ್ತಕದಲ್ಲಿ ಹಾಗಾಗಲ್ಲ. ಯಾವ ಮಾತು ಯಾವ ಚಿತ್ರದ ಯಾವ ಮೂಲೆಯಲ್ಲಿರಬೇಕು ಅಂತ ಕಲಾವಿದರು ಕೂತು ಯೋಚನೆ ಮಾಡಿರುತ್ತಾರೆ. ಅದನ್ನು ಅಕ್ಷರದ ಹಾಗೆ ಹರಿಯಬಿಟ್ಟರೆ ಹುಲಿ ಪೊದೆಯಿಂದ ಹೊರಗೆ ಬರುವ ಮುಂಚೆಯೇ ಹುಲಿಯ ಚಿತ್ರ ಬಂದುಬಿಡುತ್ತದೆ. ಮಗುವಿಗೆ ಇನ್ನೇನು ಭಯ, ಏನು ಕುತೂಹಲ? ಅದಕ್ಕೇ ಹೆಚ್ಚಿನವರು ಪುಟವನ್ನು ಫೋಟೋ ಥರ ಹಾಗೇ ಇಟ್ಟುಬಿಡುತ್ತಾರೆ. ಆಗ ಇನ್ನೊಂದು ತೊಂದರೆ. ಫೋನಿನಲ್ಲಿ ಚಿತ್ರ ಪೂರ್ತಿ ಕಾಣಬೇಕೆಂದರೆ ಅಕ್ಷರ ಇರುವೆಯಾಗುತ್ತದೆ, ಅಕ್ಷರ ಹಿಗ್ಗಿಸಿದರೆ ಚಿತ್ರ ಪರದೆಯ ಹೊರಗೆ ಹೋಗುತ್ತದೆ. ಎರಡು ಪುಟಕ್ಕೆ ಹರಡಿ ಬರೆದ ಆನೆಯ ಸೊಂಡಿಲು ಒಂದು ಪರದೆಯಲ್ಲಿ, ಬಾಲ ಇನ್ನೊಂದರಲ್ಲಿ. ಕಣ್ಣಿಗೆ ಹಿತ ಅಂತ ಹೇಳುವ ಕಪ್ಪು-ಬಿಳುಪಿನ ಓದುವ ಯಂತ್ರ ತಗೊಂಡರೆ ಬಣ್ಣವೇ ಇಲ್ಲ. ಮತ್ತೆ ಫೋಟೋ ಥರ ಇಟ್ಟ ಪುಟದ ಅಕ್ಷರವನ್ನು ಯಂತ್ರ ಸುಲಭಕ್ಕೆ ಅಕ್ಷರ ಅಂತ ಗುರುತಿಸಲ್ಲ. ಹಾಗಾಗಿ ಕಣ್ಣು ಕಾಣದ ಮಗುವಿಗೆ ಅದು ಗಟ್ಟಿಯಾಗಿ ಓದಿ ಹೇಳೋದೂ ಇಲ್ಲ.

ಕನ್ನಡಕ್ಕೆ ಇದರ ಮೇಲೊಂದು ಬರೆ ಇದೆ. ದೇವನಹಳ್ಳಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಪರಿಚಯದ ಹುಡುಗ ಬಿಡಿಸಿ ಹೇಳಿದ. ಇಪ್ಪತ್ತು ಮೂವತ್ತು ವರ್ಷದಿಂದ ನಮ್ಮ ಪುಸ್ತಕಗಳು ಕಂಪ್ಯೂಟರಿನಲ್ಲೇ ತಯಾರಾಗಿವೆ, ನಿಜ. ಆದರೆ ಬಹಳಷ್ಟನ್ನು ಪೇಜ್‌ಮೇಕರಿನಲ್ಲಿ ಹಳೇ ಥರದ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಕೂರಿಸಿದ್ದಾರೆ. ಆ ಫಾಂಟು ಇಲ್ಲದ ಕಡೆ ಕಡತ ತೆರೆದರೆ ಕಾಣೋದು ಇಂಗ್ಲಿಷಿನ ಚೆಲ್ಲಾಪಿಲ್ಲಿ ಅಕ್ಷರಗಳು. ಅದನ್ನು ಯೂನಿಕೋಡಿಗೆ ತಿರುಗಿಸಬೇಕು, ತಿರುಗಿಸುವಾಗ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಎಡವಟ್ಟಾಗುತ್ತವೆ, ಮತ್ತೆ ಯಾರೋ ಕೂತು ಕರಡು ತಿದ್ದಬೇಕು. "ಅಕ್ಕ, ನಮ್ಮಂಗಡೀಲಿ 2004ರ ಸಿ.ಡಿ. ಒಂದು ಡಬ್ಬ ಇದಾವೆ. ಪುಸ್ತಕ ಎಲ್ಲಾ ಅದರೊಳಗೇ ಐತೆ. ಹಾಕೋಕೆ ಕಂಪ್ಯೂಟರೇ ಇಲ್ಲ" ಅಂದ. ನಮ್ಮ ಮದುವೆಯ ಫೋಟೋ ಸಿ.ಡಿ.ಯೂ ಅದೇ ಸ್ಥಿತಿಯಲ್ಲಿದೆ, ಹಾಗಾಗಿ ನಾನು ನಗಲಿಲ್ಲ. ಮಾವನ ಟ್ರಂಕು ಮಾತ್ರ ಒಂದು ಸ್ಕ್ರೂಡ್ರೈವರಿಗೆ ತೆರೆದುಕೊಂಡಿತ್ತು.

ಇನ್ನೊಂದು ವಿಷಯ, ಇದಕ್ಕೆ ಯಾವ ತಂತ್ರಜ್ಞಾನವೂ ಕಾರಣವಲ್ಲ. ಕಾಗದದ ಪುಸ್ತಕ ಇಬ್ಬರ ಮಡಿಲಿಗೆ ಹರಡಿಕೊಳ್ಳುತ್ತದೆ. ಫೋನು ಒಬ್ಬರ ಕೈಯಲ್ಲೇ ಇರುತ್ತದೆ. ಮಗಳು ಆನೆಮರಿ ಓದುವಾಗ ನಾನು ಅವಳ ಭುಜದ ಮೇಲಿಂದ ಇಣುಕುತ್ತಿದ್ದೆ. ಚಂದಮಾಮದ ಬೈಂಡು ತೆರೆದ ದಿನ ಅವಳು, ನಾನು, ಅತ್ತೆ ಮೂವರೂ ನೆಲದ ಮೇಲೆ ಸುತ್ತ ಕೂತಿದ್ದೆವು. ಚಿತ್ರದ ಮೇಲೆ ಬೆರಳಿಟ್ಟು ಅತ್ತೆ ಹೇಳಿದರು, "ಈ ರಾಣಿ ಓಲೆ ನೋಡು, ಇಂಥದ್ದೇ ನಮ್ಮಮ್ಮನ ಹತ್ರ ಇತ್ತು." ಬೆರಳಿಟ್ಟರೆ ಪುಟ ಜಾರಿಹೋಗಲಿಲ್ಲ. ಟ್ಯಾಬಿನಲ್ಲಿ ಇಷ್ಟು ಹೊತ್ತಿಗೆ ಇನ್ನೆಲ್ಲೋ ಹೋಗಿರುತ್ತಿತ್ತು, ಅಥವಾ ನಡುವೆ ಒಂದು ಸಾಲ ಕೊಡುವವರ ಜಾಹೀರಾತು ಬಂದಿರುತ್ತಿತ್ತು.

ಹಾಗಿದ್ದರೂ ಪರದೆಯಲ್ಲಿ ಚಿತ್ರಪುಸ್ತಕಕ್ಕೆ ಭವಿಷ್ಯ ಇಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ. ಬಣ್ಣದ ಚಿತ್ರಪುಸ್ತಕ ಅಚ್ಚು ಹಾಕಿಸೋದು ಎಷ್ಟು ದುಬಾರಿ ಅಂತ ಪ್ರಕಾಶಕರನ್ನು ಕೇಳಿ. ಕಮ್ಮಿ ಪ್ರತಿ ಹಾಕಿಸಿದರೆ ಒಂದೊಂದರ ಬೆಲೆ ಏರುತ್ತದೆ, ಜಾಸ್ತಿ ಹಾಕಿಸಿದರೆ ಗೋದಾಮಿನಲ್ಲಿ ಉಳಿಯುತ್ತದೆ. ನಮ್ಮಂಥ ಊರಿನ ಮಗುವಿಗೆ ತಿಂಗಳಿಗೊಂದು ಹೊಸ ಚಿತ್ರಪುಸ್ತಕ ಕಾಗದದಲ್ಲಿ ಕೊಡಿಸುವ ಮನೆಗಳು ಎಷ್ಟಿವೆ? ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಸ್ಟೋರಿವೀವರ್ ಅನ್ನುವ ಜಾಲತಾಣ ತೆರೆದರು. ಅದರಲ್ಲಿ ಕನ್ನಡದ ಚಿತ್ರಪುಸ್ತಕಗಳೂ ಬೇಕಾದಷ್ಟಿವೆ, ದುಡ್ಡಿಲ್ಲ. ನನಗೆ ಅದರಲ್ಲಿ ಹಿಡಿಸಿದ್ದು ಉಚಿತ ಅನ್ನೋದಕ್ಕಿಂತ ಇನ್ನೊಂದು. ಅಲ್ಲಿನ ಪುಸ್ತಕಗಳಿಗೆ ಕ್ರಿಯೇಟಿವ್ ಕಾಮನ್ಸ್ ಅನ್ನುವ ಮುಕ್ತ ಪರವಾನಗಿ ಇದೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಪ್ರಿಂಟು ಹಾಕಬಹುದು, ಬೇರೆ ಭಾಷೆಗೆ ತಿರುಗಿಸಬಹುದು. ನಾಳೆ ಆ ಜಾಲತಾಣಕ್ಕೇ ಏನಾದರೂ ಆದರೂ, ಇಳಿಸಿಕೊಂಡ ಮನೆಗಳಲ್ಲಿ, ಶಾಲೆಗಳಲ್ಲಿ ಪುಸ್ತಕ ಇರುತ್ತದೆ. ನಾನು ಈಗ ಅಲ್ಲಿಂದ ಇಳಿಸಿದ ಪ್ರತಿಯೊಂದನ್ನೂ ಪೆನ್‌ಡ್ರೈವಿಗೆ ಹಾಕಿಡುತ್ತೇನೆ. ಒಮ್ಮೆ ಕೈ ಸುಟ್ಟವಳಲ್ಲವೇ.

ಊರೂರ ಪಂಚಾಯ್ತಿ ಗ್ರಂಥಾಲಯಗಳಿಗೆ ಈಗ 'ಅರಿವು ಕೇಂದ್ರ' ಅಂತ ಹೆಸರು. 2020ರ ಮಕ್ಕಳ ದಿನಾಚರಣೆಗೆ 'ಓದುವ ಬೆಳಕು' ಅಂತ ಶುರು ಮಾಡಿ ಮಕ್ಕಳನ್ನು ಪುಕ್ಕಟೆ ಸದಸ್ಯರನ್ನಾಗಿ ಮಾಡಿಕೊಂಡರು. ಅದೇ ವರ್ಷ ಸಾರ್ವಜನಿಕ ಗ್ರಂಥಾಲಯ ಇಲಾಖೆಯವರು ಡಿಜಿಟಲ್ ಗ್ರಂಥಾಲಯವನ್ನೂ ತೆರೆದರು. ಒಳ್ಳೆಯ ಕೆಲಸ. ನನ್ನದೊಂದೇ ಕೋರಿಕೆ. ಇಂಥ ಕಡೆ ಕಂಪ್ಯೂಟರು ಬಂತು ಅಂತ ಕಪಾಟಿನ ಪುಸ್ತಕ ಹಿಂದಿನ ಕೋಣೆಗೆ ಹೋಗದಿರಲಿ. ಕಂಪ್ಯೂಟರಿನಲ್ಲಿ ಇರೋದು ಬರೀ ಲಿಂಕಾಗದೆ, ಆ ಗ್ರಂಥಾಲಯದ್ದೇ ಪ್ರತಿಯಾಗಿರಲಿ. ಲಿಂಕು ಅಂದರೆ ವಿಳಾಸ ಬರೆದ ಚೀಟಿ ಅಷ್ಟೇ, ಮನೆ ಇರುತ್ತದೋ ಇಲ್ಲವೋ.

ಈಗ ನಮ್ಮ ಟ್ರಂಕಿನ ವಿಷಯಕ್ಕೆ ಬರುತ್ತೇನೆ. ಹದಿನಾಲ್ಕು ಬೈಂಡು ಅಂದರೆ ಸುಮಾರು ಹತ್ತು ಸಾವಿರ ಪುಟ. ಬೇಸಿಗೆ ರಜೆಯಲ್ಲಿ ನಾನೂ ಮಗಳೂ ಫೋನಿನಲ್ಲೇ ಸ್ಕ್ಯಾನ್ ಮಾಡೋಕೆ ಶುರು ಮಾಡಿದೆವು. ಬೆಳಗ್ಗೆ ಹತ್ತರಿಂದ ಹನ್ನೊಂದೂವರೆಯವರೆಗೆ ಜಗಲಿಯ ಮೇಲೆ ನೆರಳೂ ಇರುತ್ತದೆ, ಬೆಳಕೂ ಇರುತ್ತದೆ. ಅವಳು ಸ್ಕೇಲಿನಿಂದ ಪುಟದ ಅಂಚು ಒತ್ತಿ ಹಿಡಿಯೋದು, ನಾನು ಫೋಟೋ ತೆಗೆಯೋದು. ಬೈಂಡು ಗಟ್ಟಿ, ನಡುವಿನ ಅಕ್ಷರಗಳು ಬಾಗಿ ಕಾಣುತ್ತವೆ. ಬೈಂಡು ಬಿಚ್ಚಿದರೆ ನೀಟಾಗಿ ಬರುತ್ತೆ ಅಂದರು ಕೆಲವರು. ಅತ್ತೆ ಬಿಚ್ಚೋಕೆ ಬಿಡಲಿಲ್ಲ. ಇಡೀ ರಜೆಯಲ್ಲಿ ಎರಡೂವರೆ ಬೈಂಡು ಮುಗಿದಿದೆ. ಪುಟ ಬಿಡಿಸುವ ಅವಸರ ನಮಗಿದ್ದರೂ, ನಡುನಡುವೆ ಮಗಳು "ತಾಳಮ್ಮ, ಇದೊಂದು ಓದ್ತೀನಿ" ಅಂತ ನಿಲ್ಲಿಸಿಬಿಡುತ್ತಾಳೆ. ಹಾಗಾಗಿ ಲೆಕ್ಕ ತಪ್ಪಿದೆ. ಒಂದು ಪ್ರತಿ ನಮ್ಮ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಹೊಸಕೋಟೆಯಲ್ಲಿರುವ ಮೈದುನನ ಮನೆಯಲ್ಲಿ. ನಮ್ಮ ಮನೆಗೆ ನೀರು ನುಗ್ಗಿದರೆ ಅಲ್ಲಾದರೂ ಇರಲಿ ಅಂತ.

ಇದನ್ನು ಎಲ್ಲರಿಗೂ ಸಿಗುವ ಹಾಗೆ ಅಂತರ್ಜಾಲಕ್ಕೆ ಏರಿಸಬೇಕೋ ಬೇಡವೋ, ನನಗೆ ಇನ್ನೂ ಗೊತ್ತಾಗಿಲ್ಲ. ನಮ್ಮ ಕಾನೂನಿನಲ್ಲಿ ಲೇಖಕರು, ಕಲಾವಿದರು ತೀರಿಕೊಂಡ ಅರವತ್ತು ವರ್ಷದವರೆಗೆ ಹಕ್ಕು ಇರುತ್ತದೆ. ಮಾಲೀಕ ಕಂಪನಿ ಮುಳುಗಿದ ಮಾತ್ರಕ್ಕೆ ಹಕ್ಕು ಮುಳುಗಲ್ಲ. ಹಿಂದೆ ಏರಿಸಿದವರು ಅನುಮತಿ ಕೇಳಿ ಏರಿಸಿದರೋ ಇಲ್ಲವೋ, ಅವರು ಏರಿಸದಿದ್ದರೆ ನಮ್ಮ ಮನೆಗೆ ಒಂದು ಉಪಕಾರ ಆಗುತ್ತಿರಲಿಲ್ಲ. ತಪ್ಪು ಅನ್ನೋಕೆ ನನಗೆ ಮನಸ್ಸಿಲ್ಲ, ಸರಿ ಅನ್ನೋಕೆ ಧೈರ್ಯವಿಲ್ಲ. ಈ ವಿಷಯ ತಿಳಿದ ಓದುಗರು ಇದ್ದರೆ ಇಲ್ಲಿ ಬರೆಯಿರಿ.

ಆ ಉಪಕಾರ ಏನಂದರೆ, ಮಾವನ 1968ರ ಬೈಂಡಿನಲ್ಲಿ ಒಂದು ಸಂಚಿಕೆ ಇರಲಿಲ್ಲ. ಯಾರೋ ನೆಂಟರು ಓದೋಕೆ ಒಯ್ದು ತರಲಿಲ್ಲವಂತೆ. ಅತ್ತೆಗೆ ಆ ನೆಂಟರ ಹೆಸರು ಐವತ್ತೇಳು ವರ್ಷ ಆದ ಮೇಲೂ ನೆನಪಿದೆ, ನಾನು ಇಲ್ಲಿ ಬರೆಯೋದಿಲ್ಲ. ಆ ಸಂಚಿಕೆ ನನಗೆ ಅಂತರ್ಜಾಲದಲ್ಲಿ ಸಿಕ್ಕಿತು. ಇಳಿಸಿಕೊಂಡು ದೇವನಹಳ್ಳಿಯ ಅದೇ ಹುಡುಗನ ಅಂಗಡಿಯಲ್ಲಿ ಪ್ರಿಂಟು ಹಾಕಿಸಿದೆ. ಬಣ್ಣದ್ದು ಪುಟಕ್ಕೆ ಹತ್ತು ರೂಪಾಯಿ ಅಂದ. ರಕ್ಷಾಪುಟ ಮಾತ್ರ ಬಣ್ಣದಲ್ಲಿ, ಉಳಿದದ್ದು ಕಪ್ಪು-ಬಿಳುಪು. ಬೈಂಡು ಮಾಡುವ ಹಿರಿಯರ ಹತ್ತಿರ ಒಯ್ದರೆ, ಅವರು ಹಳೇ ಬೈಂಡನ್ನು ತಿರುಗಿಸಿ ಮುರುಗಿಸಿ ನೋಡಿ, ದಾರ ಚೆನ್ನಾಗಿ ಹಾಕಿದ್ದಾರೆ ಅಂತ ಮೆಚ್ಚಿಕೊಂಡರು. ಆ ಬೈಂಡನ್ನು ಕದಲಿಸದೆ, ಕೊನೆಯ ರಟ್ಟಿನ ಮುಂಚೆ ಗೋಂದು, ಬಟ್ಟೆ ಹಾಕಿ ಕೂರಿಸಿಕೊಟ್ಟರು.

"ಹೊಸ ಹಾಳೆ ಬೆಳ್ಳಗೆ ಎದ್ದು ಕಾಣುತ್ತಲ್ಲಮ್ಮ" ಅಂದರು.

"ಕಾಣ್ಲಿ ಬಿಡಿ" ಅಂದೆ.

ಮನೆಗೆ ತಂದು ಅತ್ತೆಯ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಮೊದಲ ಪುಟದಲ್ಲೇ ನಿಂತರು. ಮೂಲ ಪ್ರತಿ ಯಾರದ್ದಾಗಿತ್ತೋ, ಆ ಮನೆಯ ಹುಡುಗ ಮೇಲುಗಡೆ ಪೆನ್ಸಿಲ್ಲಿನಲ್ಲಿ ದುಂಡಗೆ ತನ್ನ ಹೆಸರು, ನಾಲ್ಕನೇ ತರಗತಿ, ತೀರ್ಥಹಳ್ಳಿ ಅಂತ ಬರೆದುಕೊಂಡಿದ್ದ. ಒಳಗೊಂದು ಕಡೆ ರಾಜನಿಗೆ ಎರಡನೇ ಜೊತೆ ಮೀಸೆಯನ್ನೂ ಬರೆದಿದ್ದ. ಸ್ಕ್ಯಾನಿನಲ್ಲಿ ಅದೂ ಬಂದಿತ್ತು, ಪ್ರಿಂಟಿನಲ್ಲೂ ಬಂದಿತ್ತು.

"ಇದ್ಯಾರಮ್ಮ ಈ ಹುಡುಗ? ನಿಮ್ಮ ಮಾವನ ಪುಸ್ತಕದಲ್ಲಿ ಇವನ ಹೆಸರು ಯಾಕೈತೆ?" ಅಂದರು ಅತ್ತೆ.

ನಾನು ಹೇಳುವ ಮುಂಚೆ ಮಗಳು ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದಳು. "ಅವನು ಈಗ ಹುಡುಗ ಅಲ್ಲ ಅಜ್ಜಿ. ಅವನಿಗೂ ನಿನ್ನ ಥರಾನೇ ಕನ್ನಡಕ ಬಂದಿರುತ್ತೆ" ಅಂದಳು.